ಕೈಚೀಲ ಎಲ್ಲಿ ಹೋಯಿತು?

ಸಂಜೆ ತರಕಾರಿ ಮಾರುಕಟ್ಟೆಗೆ ಹೋಗುವವರ ಕೈ ಖಾಲಿ. ಬರುವಾಗ ನಾಲ್ಕೈದು ಪ್ಲಾಸ್ಟಿಕ್ ಕವರು. ರಾಜ್ಯ ಸರ್ಕಾರ ಇವನ್ನು ನಿಷೇಧಿಸಿದ್ದು 2016ರಲ್ಲಿ. ಆದರೂ "ಒಂದು ಕವರ್ ಕೊಡ್ರೀ" ಎಂಬ ಕೂಗು ನಿಂತಿಲ್ಲ. ಕವರು ಪುಕ್ಕಟೆ ಎಂಬುದು ಭ್ರಮೆ. ವ್ಯಾಪಾರಿ ಅದರ ದುಡ್ಡನ್ನು ಟೊಮೇಟೋ ಮೇಲೇ ಹಾಕಿಕೊಂಡಿರ್ತಾನೆ. ಮುಂದೆ ಅದೇ ಕವರು ಚರಂಡಿ ಕಟ್ಟಿ, ಮಳೆನೀರು ಮನೆಗೆ ನುಗ್ಗಿದರೆ ಬೈಗುಳ ಪುರಸಭೆಗೆ! ಹಳೆ ಪ್ಯಾಂಟಿನ ಕಾಲು ಕತ್ತರಿಸಿ ತಳ ಹೊಲಿದರೆ ಎರಡು ಚೀಲವಾಯಿತು; ವರ್ಷಗಟ್ಟಲೆ ಬಾಳುತ್ತವೆ.

ಅಡಿಗೆಮನೆಯಲ್ಲೂ ದುಡ್ಡು ಹೀಗೇ ಸೋರುತ್ತದೆ. ಹುರುಳಿ, ಕಡಲೆ ರಾತ್ರಿಯೇ ನೆನೆಹಾಕಿದರೆ ಬೇಗ ಬೇಯ್ತವೆ. ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಉರಿ ಎಷ್ಟು ಏರಿಸಿದರೂ ಬಿಸಿ ಏರದು, ಗ್ಯಾಸು ಮಾತ್ರ ಖಾಲಿ. 14.2 ಕಿಲೋ ಸಿಲಿಂಡರು ನಾಲ್ಕು ದಿನ ಹೆಚ್ಚು ಬಂದರೆ ಯಾರಿಗೆ ಬೇಡ? ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಸಿಪ್ಪೆ ಗೊಬ್ಬರದ ಗುಂಡಿಗೆ: ಇದನ್ನೆಲ್ಲ ಅಜ್ಜಿಯರಿಗೆ ಯಾರೂ ಭಾಷಣ ಮಾಡಿ ಕಲಿಸಿರಲಿಲ್ಲ.

ಮನೆಯವರ ಪಾಲಿನದು ಇಷ್ಟು. ಪುರಸಭೆಗಳ ಪಾಲಿನದೂ ಉಂಟು. ಕವರಿನ ನೆಪದಲ್ಲಿ ತಳ್ಳುಗಾಡಿಯ ಬಡಪಾಯಿಗೆ ದಂಡ ಹಾಕುವ ಮೊದಲು, ಅದನ್ನು ಸಗಟಾಗಿ ಮಾರುವ ಗೋದಾಮುಗಳ ಬಾಗಿಲು ತಟ್ಟಲಿ.