ನಮ್ಮ ಬೀದಿಯ ಸುದ್ದಿ ಆಕಾಶವಾಣಿಗೆ ಕೇಳಿಸುವುದೇ?

2020ರ ಜನವರಿಯಲ್ಲಿ ಬಸವನಗುಡಿ, ಎನ್.ಆರ್. ಕಾಲೋನಿ ಸುತ್ತಮುತ್ತಲ ನಿವೃತ್ತರು ಪಾಸ್‌ಬುಕ್ ಹಿಡಿದು ಕಂಗಾಲಾಗಿ ನಿಂತರು. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತ್ತು. ಠೇವಣಿ ಎಷ್ಟೇ ಇರಲಿ, 35,000 ರೂಪಾಯಿಗಿಂತ ಹೆಚ್ಚು ಪಡೆಯುವಂತಿರಲಿಲ್ಲ. ಅದಕ್ಕೆ ಏಳು ತಿಂಗಳ ಮುಂಚೆ, 2019ರ ಜೂನ್‌ನಲ್ಲಿ, ಶಿವಾಜಿನಗರದ ಐಎಂಎ ಕಚೇರಿಯ ಮುಂದೆ ನಮ್ಮ ತಾಯಂದಿರು ಇದೇ ರೀತಿ ನಿಂತಿದ್ದರು. ಹಲಾಲ್ ಲಾಭದ ಹೆಸರು ನಂಬಿ ಒಡವೆ ಮಾರಿ ಹಣ ತೊಡಗಿಸಿದವರು ಅವರಲ್ಲಿ ಎಷ್ಟೋ ಮಂದಿ.

ಎರಡೂ ಗಾಯಗಳ ನಡುವೆ ಕೆಲವೇ ಕಿಲೋಮೀಟರುಗಳ ಅಂತರ. ಆದರೆ ಒಂದನ್ನು 'ಅವರ' ಸಂಕಟವೆಂದೂ ಇನ್ನೊಂದನ್ನು 'ಇವರ' ಸಂಕಟವೆಂದೂ ನಗರ ಹಂಚಿಕೊಂಡಿತು. ಐಎಂಎ ಪ್ರಕರಣದಲ್ಲಂತೂ ಜನರಿಗೆ ಮೊದಲು ತಲುಪಿದ್ದು ಸಂಸ್ಥೆಯ ಮುಖ್ಯಸ್ಥನದೆನ್ನಲಾದ ಧ್ವನಿಮುದ್ರಿಕೆ, ಅದೂ ಮೊಬೈಲುಗಳ ಮೂಲಕ! ವಿಶ್ವಾಸಾರ್ಹ ಧ್ವನಿಯೊಂದು ಬೀದಿಗೆ ತಲುಪದಿದ್ದರೆ ಆ ಜಾಗವನ್ನು ವದಂತಿ ತುಂಬುತ್ತದೆ.

ಆ ಧ್ವನಿ ಯಾರದಾಗಬೇಕಿತ್ತು? 'ಆಕಾಶವಾಣಿ' ಎಂಬ ಹೆಸರು ನಮ್ಮ ನಾಡಿನದೇ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. 1955ರಿಂದ ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. 1990ರ ಪ್ರಸಾರ ಭಾರತಿ ಕಾಯ್ದೆಯು ಸತ್ಯವನ್ನು ನಿಷ್ಪಕ್ಷಪಾತವಾಗಿ ತಿಳಿಯುವ ನಾಗರಿಕನ ಹಕ್ಕನ್ನು ಕಾಯುವ ಹೊಣೆಯನ್ನು ಈ ಸಂಸ್ಥೆಗೆ ವಹಿಸಿದೆ. ವೃದ್ಧರ ಹಿತ, ಅಲ್ಪಸಂಖ್ಯಾತರ ವಿಶೇಷ ಅಗತ್ಯ ಎರಡನ್ನೂ ಅದು ಹೆಸರಿಸಿಯೇ ಹೇಳುತ್ತದೆ. ಬಾನುಲಿ ತರಂಗಗಳು ಸಾರ್ವಜನಿಕ ಆಸ್ತಿ ಎಂದು 1995ರಲ್ಲಿ ಸುಪ್ರೀಂ ಕೋರ್ಟೂ ತೀರ್ಪಿತ್ತಿದೆ.

ಖಾಸಗಿ ಎಫ್.ಎಂ.ಗಳಿಂದ ಇದನ್ನು ನಿರೀಕ್ಷಿಸುವಂತಿಲ್ಲ. 2001ರಲ್ಲಿ ಬೆಂಗಳೂರಿನಿಂದಲೇ ಅವು ಆರಂಭವಾದವಾದರೂ ಸ್ವಂತ ಸುದ್ದಿ ಬಿತ್ತರಿಸಲು ಅನುಮತಿಯಿರಲಿಲ್ಲ. 2011ರ ನೀತಿಯಲ್ಲಿ ದೊರೆತದ್ದು ಆಕಾಶವಾಣಿಯ ವಾರ್ತೆಯನ್ನೇ ಮರುಪ್ರಸಾರ ಮಾಡುವ ಅವಕಾಶ. ಅಂದರೆ ಬಾನುಲಿಯಲ್ಲಿ ಸುದ್ದಿಯ ಹೊಣೆಯನ್ನು ಸರಕಾರವೇ ಆಕಾಶವಾಣಿಯ ಹೆಗಲಿಗೇರಿಸಿದೆ. ಹೊಣೆ ಏಕಸ್ವಾಮ್ಯದ್ದಾದರೆ ಲೋಪದ ಹೊಣೆಯೂ ಹಾಗೆಯೇ ಅಲ್ಲವೇ? ಸಚಿವರ ಹೇಳಿಕೆ, ಉದ್ಘಾಟನೆ, ಹವಾಮಾನಗಳಲ್ಲೇ ಕೆಲವು ನಿಮಿಷಗಳ ವಾರ್ತೆ ಮುಗಿದುಹೋದರೆ ಬಡ್ಡಿಯ ಆಮಿಷ, ಲಾಭದ ಆಮಿಷಗಳ ಬಗ್ಗೆ ಬಡಾವಣೆಯನ್ನು ಎಚ್ಚರಿಸುವವರು ಯಾರು?

ನಾವೂ ನಮ್ಮನ್ನು ಪ್ರಶ್ನಿಸಿಕೊಳ್ಳಬೇಕಿದೆ. ಸರಕಾರಿ ಪ್ರಸಾರದ ವಿಷಯ ಬಂದಾಗಲೆಲ್ಲ ನಮ್ಮ ಮನಸ್ಸು ಉರ್ದುವಿನತ್ತಲೇ ಓಡುತ್ತದೆ. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನದ ಹತ್ತು ನಿಮಿಷಗಳ ಉರ್ದು ವಾರ್ತೆಯ ನೆಪದಲ್ಲಿ ಗಲಭೆಯೆದ್ದು ಅಮಾಯಕರ ಪ್ರಾಣ ಹೋದದ್ದನ್ನು ಮರೆಯಲಾಗದು. ಉರ್ದು ಬೇಡವೆಂದಲ್ಲ. ಆದರೆ ಠೇವಣಿದಾರ ಮಹಿಳೆಯ ನೋವು ಕನ್ನಡದಲ್ಲಿ, ಎನ್.ಆರ್. ಕಾಲೋನಿಯ ಅಜ್ಜನಿಗೂ ಕೇಳಿಸುವಂತೆ ಪ್ರಸಾರವಾಗಲಿ ಎಂದು ನಮ್ಮಲ್ಲಿ ಎಷ್ಟು ಜನ ಕೇಂದ್ರಕ್ಕೆ ಒಂದು ಪತ್ರ ಬರೆದಿದ್ದೇವೆ?

ವಾರಕ್ಕೆ ಅರ್ಧ ಗಂಟೆ ಸಾಕು. ಒಂದು ವಾರ ಶಿವಾಜಿನಗರ, ಮರುವಾರ ಬಸವನಗುಡಿ. ಹಣ ಕಳಕೊಂಡವರನ್ನೂ ಸಹಕಾರ ಇಲಾಖೆಯ ಅಧಿಕಾರಿಯನ್ನೂ ಒಂದೇ ಮೈಕಿನ ಮುಂದೆ ಕೂರಿಸಲಿ. 2020ರ ಫೆಬ್ರವರಿಯಲ್ಲಿ ಬ್ಯಾಂಕ್ ಠೇವಣಿ ವಿಮೆಯ ಮಿತಿ ಒಂದರಿಂದ ಐದು ಲಕ್ಷಕ್ಕೇರಿತು. ಐಎಂಎಯಂತಹ ಸಂಸ್ಥೆಗಳಲ್ಲಿ ಹೂಡಿದ ಹಣಕ್ಕೆ ಆ ವಿಮೆ ಅನ್ವಯಿಸುವುದಿಲ್ಲ. ಮೊದಲ ಕಂತಿನಲ್ಲಿ ಇಷ್ಟನ್ನು ಹೇಳಿದರೂ ಸಾಕು.