ಸೈಕಲ್ ಅಗ್ಗವಾಯಿತು, ರಿಂಗ್ ರೋಡ್ ದಾಟುವುದು ಹೇಗೆ?

2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಹತ್ತು ಸಾವಿರ ರೂಪಾಯಿ ಬೆಲೆಯ ಸೈಕಲ್ಲಿಗೆ ಏಳುನೂರು ರೂಪಾಯಿ ಉಳಿತಾಯ. ಹಾಸ್ಟೆಲ್‌ನಲ್ಲೋ ಪಿ.ಜಿ.ಯಲ್ಲೋ ಇದ್ದುಕೊಂಡು ಪರೀಕ್ಷೆಗೆ ಓದುತ್ತಿರುವ ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಸೈಕಲ್ ಕೊಂಡವರು ಅದನ್ನು ಎಲ್ಲಿ ಓಡಿಸಬೇಕು ಎಂಬುದನ್ನು ಯಾವ ಬಜೆಟ್ಟೂ ಹೇಳುವುದಿಲ್ಲ. ಮೈಸೂರಿನಲ್ಲಿ ಕುಳಿತು ಯೋಚಿಸಿದರೆ ಈ ಪ್ರಶ್ನೆ ಇನ್ನೂ ಚುರುಕಾಗುತ್ತದೆ. ಯಾಕೆಂದರೆ ಕರ್ನಾಟಕದಲ್ಲಿ ಸೈಕಲ್ಲಿಗೆ ಹೇಳಿ ಮಾಡಿಸಿದ ಕಾಲೇಜು ಊರು ಅಂತ ಒಂದಿದ್ದರೆ ಅದು ಇದೇ.

ಊರೊಳಗೆ ಅಗಲ ರಸ್ತೆ, ಸಾಲುಮರ, ಹೆಚ್ಚು ಏರಿಳಿತವಿಲ್ಲ. ಮಹಾರಾಜ, ಯುವರಾಜ ಕಾಲೇಜುಗಳಿಂದ ಮಾನಸಗಂಗೋತ್ರಿಗೆ, ಕುಕ್ಕರಹಳ್ಳಿ ಕೆರೆಗೆ ಸೈಕಲ್ಲಿನಲ್ಲಿ ಸ್ವಲ್ಪವೇ ಹೊತ್ತು. 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಶುರುವಾದಾಗ ಸುಮಾರು 450 ಸೈಕಲ್, 48 ನಿಲ್ದಾಣ ಇದ್ದವು. ಸ್ಮಾರ್ಟ್ ಕಾರ್ಡ್ ತಟ್ಟಿದರೆ ಸೈಕಲ್ ಕೈಗೆ. ಬೆಂಗಳೂರು ಇನ್ನೂ ಮಾತಾಡುತ್ತಿದ್ದಾಗ ಮೈಸೂರು ಮಾಡಿ ತೋರಿಸಿತ್ತು ಎಂದು ನಾವೆಲ್ಲ ಬೀಗಿದ್ದೇ ಬೀಗಿದ್ದು.

ಊರಿನ ಸುತ್ತ ಇರುವ ದಾರಿಗಳಂತೂ ಇನ್ನೂ ಚೆಂದ. ಕೆಆರ್‌ಎಸ್ ರಸ್ತೆ ಹಿಡಿದು ಬೆಳಗೊಳದ ಮೇಲೆ ಅಣೆಕಟ್ಟೆ ತಲುಪಿ, ಅಲ್ಲಿಂದ ಪಾಲಹಳ್ಳಿ, ರಂಗನತಿಟ್ಟು, ಶ್ರೀರಂಗಪಟ್ಟಣ ಸುತ್ತಿಕೊಂಡು ಬಂದರೆ ಸುಮಾರು 50 ಕಿ.ಮೀ. ಕಬ್ಬಿನ ಕಾಲದಲ್ಲಿ ಆಲೆಮನೆಯ ವಾಸನೆ ಮೂಗಿಗೆ ಬಡಿಯುವ ದಾರಿ ಅದು. ಎಡಬಲಕ್ಕೆ ನೀರು, ಭತ್ತದ ಗದ್ದೆ. ಇನ್ನೂ ಶಕ್ತಿ ಇದ್ದವರು ಬನ್ನೂರಿನ ಮೇಲೆ ಸೋಮನಾಥಪುರಕ್ಕೆ ಹೋಗಿ, ತಿ. ನರಸೀಪುರದ ಸಂಗಮ ನೋಡಿ, ವರುಣಾ ಕೆರೆಯ ಪಕ್ಕದಲ್ಲಿ ವಾಪಸ್ ಬರಬಹುದು. ಒಂದು ದಿನದ ಕೆಲಸ. ಹದಿಮೂರನೇ ಶತಮಾನದ ಹೊಯ್ಸಳ ದೇವಾಲಯ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು, ಬೆವರು ಒರೆಸಿಕೊಂಡು ಅದರ ಜಗಲಿಯ ನೆರಳಿನಲ್ಲಿ ಕೂರುವ ಸುಖ ಕಾರಿನಲ್ಲಿ ಬಂದವರಿಗೆ ಸಿಗುವುದಿಲ್ಲ. ನಂಜನಗೂಡು 23 ಕಿ.ಮೀ. ಅಷ್ಟೇ. ಚಾಮುಂಡಿ ಬೆಟ್ಟದ ಏರು ಗೇರ್ ಇಲ್ಲದ ಸೈಕಲ್ಲಿನವರ ಗರ್ವಭಂಗಕ್ಕೆಂದೇ ಇರುವಂಥದ್ದು. 2021ರ ಮಳೆಗೆ ನಂದಿಯ ಕಡೆಯ ರಸ್ತೆ ಕುಸಿದದ್ದು ನೆನಪಿರಬಹುದು.

ಇಷ್ಟೆಲ್ಲ ಇದ್ದೂ ವಾರದ ದಿನ ಬೆಳಿಗ್ಗೆ ಒಂಬತ್ತಕ್ಕೆ ಯಾವುದೇ ಕಾಲೇಜಿನ ಸ್ಟ್ಯಾಂಡ್ ನೋಡಿ. ಸ್ಕೂಟರ್, ಬೈಕು. ಸೈಕಲ್ ಹುಡುಕಬೇಕು. ಭಾನುವಾರ ಮುಂಜಾನೆ ಹೆಲ್ಮೆಟ್, ಜೆರ್ಸಿ ತೊಟ್ಟವರ ಗುಂಪುಗಳು ಕಾಣುತ್ತವೆ. ಅವರ ಸೈಕಲ್ಲುಗಳ ಬೆಲೆಯಲ್ಲಿ ಎರಡು ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಹಳೆಯ ಸೈಕಲ್ ತುಳಿದುಕೊಂಡು ಕೆಲವೊಮ್ಮೆ ಅವರ ಹಿಂದೆ ಹೋಗುವವನೇ. ಆದರೆ ಸೈಕಲ್ ಹವ್ಯಾಸವಾಗಿ ಬೆಳೆಯುತ್ತಾ ವಾಹನವಾಗಿ ಸಾಯುತ್ತಿದೆ. ಹಾಲಿನ ಕ್ಯಾನು ಕಟ್ಟಿಕೊಂಡವರು, ಫ್ಯಾಕ್ಟರಿ ಶಿಫ್ಟಿಗೆ ಹೋಗುವವರು, ಹಳ್ಳಿಯಿಂದ ಕಾಲೇಜಿಗೆ ಬರುವವರು ಒಬ್ಬೊಬ್ಬರಾಗಿ ಬಿಟ್ಟುಬಿಡುತ್ತಿದ್ದಾರೆ.

ಸೋಮಾರಿತನ, ಶೋಕಿ ಎಂದು ಬೈಯುವುದು ಸುಲಭ. ದಾರಿಗಳನ್ನೇ ನಕ್ಷೆಯಲ್ಲಿಟ್ಟು ನೋಡಿದರೆ ಬೇರೆ ಉತ್ತರ ಸಿಗುತ್ತದೆ. ಊರೊಳಗಿನ ರಸ್ತೆ ತಕ್ಕಮಟ್ಟಿಗೆ ಸರಿ. ಹಳ್ಳಿ ರಸ್ತೆಯೂ ಸರಿ, ಗುಂಡಿ ಇದ್ದರೂ ಗಾಡಿಗಳ ವೇಗ ಕಡಿಮೆ. ಎರಡರ ನಡುವೆ ನಲವತ್ತು ಕಿ.ಮೀ.ಗೂ ಹೆಚ್ಚು ಉದ್ದದ ಹೊರವರ್ತುಲ ರಸ್ತೆ ಇದೆ, ಅಂದರೆ ರಿಂಗ್ ರೋಡ್. ಕೆಆರ್‌ಎಸ್ ರಸ್ತೆ, ಬನ್ನೂರು ರಸ್ತೆ, ತಿ. ನರಸೀಪುರ ರಸ್ತೆ, ನಂಜನಗೂಡು ರಸ್ತೆ, ಎಚ್.ಡಿ. ಕೋಟೆ ರಸ್ತೆ, ಹುಣಸೂರು ರಸ್ತೆ ಎಲ್ಲವೂ ಅದನ್ನು ದಾಟಲೇಬೇಕು. ನೀವು ಯಾವ ದಿಕ್ಕಿಗೆ ಹೊರಟರೂ ಆರು ಪಥದ ಅಡ್ಡದಾರಿಯಲ್ಲಿ ಲಾರಿ, ಬಸ್ಸುಗಳ ನಡುವೆ ಕಾಲೂರಿ ನಿಲ್ಲುವ ಒಂದು ಗಳಿಗೆ ಬಂದೇ ಬರುತ್ತದೆ. 50 ಕಿ.ಮೀ. ಪ್ರವಾಸದಲ್ಲಿ 49 ಕಿ.ಮೀ. ಹಾಯಾಗಿದ್ದು ಈ ಒಂದು ಕಿ.ಮೀ. ಮಾತ್ರ ಭಯವಾದರೆ, ಮನೆಯಲ್ಲಿ ಅಪ್ಪ ಅಮ್ಮ ಲೆಕ್ಕ ಹಾಕುವುದು ಆ ಒಂದು ಕಿ.ಮೀ.ಯನ್ನೇ. ಮಗಳ ವಿಷಯದಲ್ಲಂತೂ ಇನ್ನೂ ಹೆಚ್ಚು.

ನನಗೆ ಕಾಣುವಂತೆ, ಪೇಟೆಯ ಮಧ್ಯೆ ಸೈಕಲ್ ಪಥ ಎಂದು ಬಣ್ಣ ಬಳಿಯುವುದಕ್ಕೆ ಖರ್ಚು ಮಾಡುವ ಹಣದಲ್ಲಿ ಈ ಕೂಡುರಸ್ತೆಗಳನ್ನು ಸರಿಪಡಿಸಿದರೆ ಹತ್ತು ಪಟ್ಟು ಲಾಭ. ಬಣ್ಣದ ಪಟ್ಟೆ ಮೇಲೆ ಮರುದಿನವೇ ಕಾರು ನಿಲ್ಲುತ್ತದೆ.

ಇನ್ನೊಂದು ದಾರಿ ಕಾನೂನಿನಿಂದಲೇ ಮುಚ್ಚಿತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅಪಘಾತಗಳು ಸಾಲುಸಾಲಾಗಿ ಆದ ಮೇಲೆ, ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆಗೆ ಮೋಟಾರ್ ಇಲ್ಲದ ವಾಹನಗಳನ್ನೂ ಹೆದ್ದಾರಿ ಪ್ರಾಧಿಕಾರ ನಿಷೇಧಿಸಿತು. ನೂರರ ವೇಗದಲ್ಲಿ ಕಾರು ಹೋಗುವಲ್ಲಿ ಸೈಕಲ್ ಬೇಡ ಎಂಬುದನ್ನು ನಾನು ಒಪ್ಪುತ್ತೇನೆ. ಸೈಕಲ್ ಓಡಿಸುವವರಲ್ಲಿ ಹಲವರು ಒಪ್ಪುವುದಿಲ್ಲ, ಇರಲಿ. ನನ್ನ ತಕರಾರು ನಿಷೇಧದ ಮೇಲಲ್ಲ, ಬದಲಿ ದಾರಿಯ ಮೇಲೆ. ಸರ್ವಿಸ್ ರಸ್ತೆಯಲ್ಲಿ ಹೋಗಿ ಎನ್ನುತ್ತಾರೆ. ಹೊಳೆ, ರೈಲು ಹಳಿ ಬಂದ ಕಡೆ ಆ ಸರ್ವಿಸ್ ರಸ್ತೆ ಮುಂದುವರಿಯುವುದಿಲ್ಲ. ಊರು ಸುತ್ತಿ ಬರಬೇಕು. ಇರುವ ಕಡೆಯೂ ಎದುರಿನಿಂದ ಬೈಕು, ಪಕ್ಕದಲ್ಲಿ ಟ್ರ್ಯಾಕ್ಟರ್, ಹಿಂದೆ ಬಸ್ಸು. ವೇಗದವರಿಗೆ ಒಂದು ರಸ್ತೆ ಕಟ್ಟಿ, ಉಳಿದವರನ್ನೆಲ್ಲ ಒಂದೇ ಓಣಿಗೆ ತಳ್ಳಿದಂತಾಯಿತು.

ಬೇರೆ ಊರುಗಳು ಇದನ್ನು ಹೇಗೆ ಬಗೆಹರಿಸಿದವು? ಕ್ಯಾಲಿಫೋರ್ನಿಯಾದ ಡೇವಿಸ್ ಎಂಬ ಸಣ್ಣ ವಿಶ್ವವಿದ್ಯಾಲಯದ ಊರು ಒಂದು ಪಾಠ. ಕೃಷಿ, ಪಶುವೈದ್ಯ ಓದಿದವರಿಗೆ ಆ ಹೆಸರು ಗೊತ್ತಿರುತ್ತದೆ. ಅಲ್ಲಿ 1960ರ ದಶಕದಲ್ಲಿ ಕೆಲವು ಪ್ರಾಧ್ಯಾಪಕರು, ಅವರ ಮನೆಯವರು ಸೈಕಲ್ಲಿಗೆ ಬೇರೆ ಪಥ ಬೇಕೆಂದು ಪಟ್ಟು ಹಿಡಿದರು. ನಗರಸಭೆ ಕಿವಿಗೊಡಲಿಲ್ಲ. 1966ರ ಚುನಾವಣೆಯಲ್ಲಿ ಅದೇ ವಿಷಯವಾಯಿತು, ಸೈಕಲ್ ಪರ ನಿಂತವರು ಗೆದ್ದರು, ರಾಜ್ಯದ ಕಾನೂನನ್ನೂ ಬದಲಿಸಿಕೊಂಡು 1967ರಲ್ಲಿ ಅಮೆರಿಕದ ಮೊದಲ ಸೈಕಲ್ ಪಥಗಳು ಬಂದವು. ಕ್ಯಾಂಪಸ್ಸಿನ ನಡುಭಾಗದಿಂದ ಕಾರುಗಳನ್ನು ಹೊರಗಿಟ್ಟರು. ಇವತ್ತಿಗೂ ಅಲ್ಲಿಂದ ವಿಂಟರ್ಸ್ ಎಂಬ ಪಕ್ಕದ ಊರಿಗೆ, ಅದರಾಚೆ ಬೆರಿಯೆಸ್ಸಾ ಸರೋವರದ ಗುಡ್ಡಗಳಿಗೆ, ತೋಟಗಳ ನಡುವೆ ಸೈಕಲ್ ಪ್ರವಾಸ ಹೋಗುತ್ತಾರೆ.

ಅಲ್ಲಿಯ ಕಥೆ ಪೂರ್ತಿ ಸಿಹಿ ಏನಲ್ಲ. 1980ರಿಂದ 2000ದ ನಡುವೆ ಅಲ್ಲಿ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವವರ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಪಥಗಳು ಇದ್ದವು, ಆದರೆ ಊರು ದುಬಾರಿಯಾಗಿ, ಕೆಲಸ ಮತ್ತು ಮನೆ ಬೇರೆ ಬೇರೆ ಊರುಗಳಿಗೆ ಹೋದವು. ಮೈಸೂರಿನ ಹುಡುಗರು ಇದನ್ನು ಕಿವಿಗೆ ಹಾಕಿಕೊಳ್ಳಬೇಕು. ನಾವು ಅರ್ಜಿ ಹಾಕುವ ಕಂಪನಿ, ಕಾರ್ಖಾನೆಗಳು ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡಿನ ಕಡೆ ಇವೆ. ಬಾಡಿಗೆ ಕಡಿಮೆ ಇರುವ ಬಡಾವಣೆಗಳು ಇನ್ನೊಂದು ತುದಿಯಲ್ಲಿ. ಅಂದರೆ ಕೆಲಸ ಸಿಕ್ಕಿದ ದಿನವೇ ಸಾಲದ ಸ್ಕೂಟರ್ ಬರುತ್ತದೆ. ಮೊದಲ ಸಂಬಳದಲ್ಲಿ ಕಂತು, ಪೆಟ್ರೋಲ್ ಕಳೆದರೆ ಕೈಗೆ ಉಳಿಯುವುದೆಷ್ಟು ಎಂದು ಕೂಡಿಸಿ ನೋಡಿ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ, ಕಾಗದದ ಮೇಲೆ ನಿಂತಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 138(1ಎ) ಸೇರಿತು: ಪಾದಚಾರಿಗಳು ಮತ್ತು ಮೋಟಾರ್ ಇಲ್ಲದ ವಾಹನಗಳು ರಸ್ತೆ ಬಳಸುವ ಬಗ್ಗೆ ರಾಜ್ಯ ನಿಯಮ ಮಾಡಬಹುದು. 2021ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಸಕ್ರಿಯ ಸಂಚಾರ ಮಸೂದೆಯ ಕರಡನ್ನೂ ಬರೆಯಿತು, ಅದು ಕರಡಾಗಿಯೇ ಉಳಿಯಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಈ ಕಲಮಿನಡಿ ಆರು ತಿಂಗಳೊಳಗೆ ನಿಯಮ ಮಾಡಿ ಎಂದು ಹೇಳಿತು. ನಿಯಮದಲ್ಲಿ ಸೈಕಲ್ಲಿಗೆ 'ಇಲ್ಲಿ ಬರಬೇಡ' ಎಂಬುದಷ್ಟೇ ಇರುತ್ತದೋ, 'ಇಲ್ಲಿ ಹೋಗು, ಇದನ್ನು ನಾವು ಕಟ್ಟಿಕೊಡುತ್ತೇವೆ' ಎಂಬುದೂ ಇರುತ್ತದೋ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಎಕ್ಸ್‌ಪ್ರೆಸ್‌ವೇ ಅನುಭವ ನೋಡಿದರೆ ಮೊದಲನೆಯದೇ ಸುಲಭ.

ಎಂಟನೇ ತರಗತಿಯ ಮಕ್ಕಳಿಗೆ 2006–07ರಿಂದ ಕೊಡುತ್ತಿದ್ದ ಉಚಿತ ಸೈಕಲ್ ಕೂಡ ಕೋವಿಡ್ ಕಾಲದಲ್ಲಿ ನಿಂತಿತು. ನನ್ನ ವಯಸ್ಸಿನ ಹಳ್ಳಿಯ ಹುಡುಗಿಯರಲ್ಲಿ ಅನೇಕರು ಹೈಸ್ಕೂಲು ಮುಗಿಸಿದ್ದೇ ಆ ಸೈಕಲ್ಲಿನಿಂದ. ಈಗ ಮಹಿಳೆಯರಿಗೆ ಬಸ್ಸು ಉಚಿತ, ಒಳ್ಳೆಯದೇ. ಆದರೆ ಬಸ್ಸು ಬಾರದ ಹಳ್ಳಿಯಿಂದ ಮುಖ್ಯ ರಸ್ತೆಯವರೆಗಿನ ಎರಡು ಮೂರು ಕಿ.ಮೀ. ಹಾಗೇ ಇದೆ.

ಡೇವಿಸ್‌ನವರಿಗೆ ನಗರಸಭೆ ಚುನಾವಣೆ ಇತ್ತು, ಅದಕ್ಕೇ ಗೆದ್ದರು. ಮೈಸೂರು ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2018ರಲ್ಲಿ. 2023ರ ನವೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಅಧಿಕಾರಿಗಳದ್ದೇ ಆಡಳಿತ. ವಾರ್ಡಿನಲ್ಲಿ ಹೋಗಿ ಕೇಳೋಣವೆಂದರೆ ಕೇಳಿಸಿಕೊಳ್ಳುವ ಕಾರ್ಪೊರೇಟರ್ ಇಲ್ಲ. ಉಳಿದಿರುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಅಪಘಾತ ಹೆಚ್ಚಾಗುವ ಜಾಗಗಳ ಪಟ್ಟಿ ಅವರ ಮುಂದೆ ಹೋಗುತ್ತದೆ, ಪೊಲೀಸ್, ಲೋಕೋಪಯೋಗಿ, ಆರ್‌ಟಿಒ ಎಲ್ಲರೂ ಒಂದೇ ಮೇಜಿನಲ್ಲಿ ಕೂರುತ್ತಾರೆ. ಕಾಲೇಜಿನ ಎನ್‌ಎಸ್‌ಎಸ್ ಘಟಕದವರು ಒಂದು ವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಕೆಆರ್‌ಎಸ್ ರಸ್ತೆ ರಿಂಗ್ ರೋಡನ್ನು ಕೂಡುವ ಜಾಗದಲ್ಲಿ ನಿಂತು, ಎಷ್ಟು ಸೈಕಲ್ ದಾಟಿದವು, ಒಬ್ಬೊಬ್ಬರು ಎಷ್ಟು ನಿಮಿಷ ಕಾದರು, ಎಷ್ಟು ಮಂದಿ ಇಳಿದು ತಳ್ಳಿಕೊಂಡು ಹೋದರು ಎಂದು ಬರೆದುಕೊಂಡು ಆ ಸಮಿತಿಗೆ ಕೊಡಬಹುದು. ಮುಂದಿನ ವಾರ ಬನ್ನೂರು ರಸ್ತೆ.