ಯಾರು ಆಡಬೇಕು, ಯಾರು ಬೆಂಚಲ್ಲಿ ಕೂರಬೇಕು? ಒಬ್ಬ ಮೆರಿಟ್ ಅಣ್ಣನಿಗೆ ಉತ್ತರ



ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ.

ಖಾಸಗಿ ಕಂಪನಿಗಳಲ್ಲೂ ಮೀಸಲಾತಿ ಬೇಕು ಅಂತ ಹೋದ ವಾರ ಬರೆದಿದ್ದೆ. ಕಾಮೆಂಟಿಗೆ ಬರೋರು ಎಂದಿನಂತೆ ಬಂದ್ರು. "ಹಂಗಾದ್ರೆ ಕ್ರಿಕೆಟ್ ಟೀಮಲ್ಲೂ ಮೀಸಲಾತಿ ಕೊಟ್ಬಿಡಿ" ಅನ್ನೋ ಹಳೇ ಜೋಕನ್ನ ನಾಲ್ಕು ಜನ ಹೇಳಿ ತಾವೇ ನಕ್ಕರು. ಅದನ್ನ ಬಿಟ್ಟಾಕಿ. ಆದ್ರೆ ಅಮೆರಿಕದಲ್ಲಿರೋ ನಮ್ಮ ಕಡೆಯ ಒಬ್ಬ ಅಣ್ಣ ಬರೆದದ್ದಕ್ಕೆ ಮಾತ್ರ ಕೂತು ಉತ್ತರ ಕೊಡಬೇಕು ಅನ್ನಿಸ್ತು. ಅವರ ಮಾತಿನ ಸಾರ ಇಷ್ಟು: "ಇಲ್ಲಿ ಕಾಲೇಜ್ ಫುಟ್‌ಬಾಲ್ ನೋಡು. ಪ್ರತಿ ಶನಿವಾರ ಯಾರನ್ನ ಆಡಿಸಬೇಕು, ಯಾರನ್ನ ಕೂರಿಸಬೇಕು ಅಂತ ಇಡೀ ದೇಶ ವಾದ ಮಾಡುತ್ತೆ. ಯಾರೂ ಬಣ್ಣ ಕೇಳಲ್ಲ. ಆಡಿದವನಿಗೆ ಜಾಗ, ಆಡದವನಿಗೆ ಬೆಂಚು. ಮೆರಿಟ್ ಅಂದ್ರೆ ಇದು."

ಅಣ್ಣ, ಉದಾಹರಣೆ ಚೆನ್ನಾಗೇ ಆರಿಸಿದ್ದೀರಿ. ಅದೇ ಆಟದಿಂದ ಉತ್ತರ ಕೊಡ್ತೀನಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಇದು ನಾವು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಓಡೋದು, ಎಸೆಯೋದು, ಎದುರಿನವನನ್ನ ಗುದ್ದಿ ಕೆಡವೋದು. ಅಲ್ಲಿ ಯೂನಿವರ್ಸಿಟಿ ತಂಡಗಳ ಆಟ ಅಂದ್ರೆ ನಮ್ಮ ಜಾತ್ರೆ ಇದ್ದಂಗೆ. ಮಿಷಿಗನ್ ಯೂನಿವರ್ಸಿಟಿಯ ಮೈದಾನದಲ್ಲಿ ಒಂದೇ ಸಲಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರ್ತಾರೆ. ಒಂದು ಕಡೆಗೆ ಹನ್ನೊಂದು ಜನ. ಅವರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ. ಚೆಂಡು ಹೆಚ್ಚುಕಮ್ಮಿ ಪ್ರತಿ ಸಲವೂ ಮೊದಲು ಅವನ ಕೈಗೇ ಬರುತ್ತೆ. ಎದುರಾಳಿಗಳು ಹೇಗೆ ನಿಂತಿದ್ದಾರೆ ನೋಡಿ, ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಅಂತ ಕಣ್ಣುಮುಚ್ಚಿ ತೆಗೆಯೋದ್ರೊಳಗೆ ತೀರ್ಮಾನ ಮಾಡೋನು ಅವನು. ಅವನು ತಂಡದ ತಲೆ, ಉಳಿದವರು ಕೈಕಾಲು ಅಂತ ಲೆಕ್ಕ.

ತಲೆ, ಕೈ, ಕಾಲು ಅಂದ ಕೂಡಲೇ ನಮ್ಮವರಿಗೆ ಏನೋ ನೆನಪಾಗಿರಬೇಕಲ್ವಾ? ಆಗಲಿ. ಮುಂದೆ ಬರ್ತೀನಿ.

ಈಗ ಅಲಬಾಮಾ ಯೂನಿವರ್ಸಿಟಿಗೆ ಹೋಗೋಣ. ಕಪ್ಪು ವಿದ್ಯಾರ್ಥಿಗಳು ಒಳಗೆ ಬರದಂತೆ ಆ ರಾಜ್ಯದ ಗವರ್ನರ್ ಜಾರ್ಜ್ ವಾಲೇಸ್ 1963ರ ಜೂನ್‌ನಲ್ಲಿ ಹೋಗಿ ಬಾಗಿಲಿಗೆ ಅಡ್ಡ ನಿಂತದ್ದು ಇದೇ ಯೂನಿವರ್ಸಿಟಿಯಲ್ಲಿ. ಅದರ ಫುಟ್‌ಬಾಲ್ ತಂಡ 1961, 1964, 1965ರಲ್ಲಿ ರಾಷ್ಟ್ರೀಯ ಚಾಂಪಿಯನ್. ಮೂರೂ ಸಲ ತಂಡದಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರ ಇರಲಿಲ್ಲ. ಆಗಲೂ ಆ ಊರಿನ ಜನ ಯಾರು ಆಡಬೇಕು, ಯಾರು ಕೂರಬೇಕು ಅಂತ ಹೋಟೆಲ್ಲಲ್ಲಿ, ಕಟ್ಟೆ ಮೇಲೆ ಗಂಟೆಗಟ್ಟಲೆ ವಾದ ಮಾಡಿರ್ತಾರೆ. ಆಗಲೂ ಅದನ್ನ ಮೆರಿಟ್ ಅಂತಲೇ ಕರೆದಿರ್ತಾರೆ. ಗೆದ್ದಿದ್ದಾರಲ್ಲ, ಇನ್ನೇನು ಸಾಕ್ಷಿ ಬೇಕು?

1970ರ ಸೆಪ್ಟೆಂಬರ್ 12. ಕ್ಯಾಲಿಫೋರ್ನಿಯಾದ ಯುಎಸ್‌ಸಿ ತಂಡ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೇ ಬಂದು ಆಡ್ತು. ಅವರ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಜೋನ್ಸ್ ಕಪ್ಪು. ಚೆಂಡು ಹಿಡಿದು ಓಡೋ ಸ್ಯಾಮ್ ಕನ್ನಿಂಗ್‌ಹ್ಯಾಮ್, ಕ್ಲಾರೆನ್ಸ್ ಡೇವಿಸ್ ಇಬ್ಬರೂ ಕಪ್ಪು. ಅಲಬಾಮಾ ತನ್ನ ರಾಜ್ಯದಲ್ಲೇ, ತನ್ನ ಜನರ ಮುಂದೆಯೇ 42-21ರಲ್ಲಿ ಸೋತಿತು. ಇದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ವಿಷಯ ಬೇರೆ. ಆ ಕ್ಲಾರೆನ್ಸ್ ಡೇವಿಸ್ ಹುಟ್ಟಿದ್ದು ಅದೇ ಬರ್ಮಿಂಗ್‌ಹ್ಯಾಮಲ್ಲಿ! ಹುಟ್ಟಿದ ಊರಿನ ತಂಡಕ್ಕೆ ಅವನು ಬೇಡದ ಜಾತಿ. ದೂರದ ಊರಿನ ಅಂಗಿ ಹಾಕ್ಕೊಂಡು ಬಂದು ಸ್ವಂತ ಊರನ್ನ ಸೋಲಿಸಿ ಹೋದ.

ಆ ಒಂದು ಆಟವೇ ಎಲ್ಲ ಬದಲಿಸ್ತು ಅಂತ ಅಲ್ಲಿ ಒಂದು ದಂತಕಥೆ ಇದೆ. ಅದು ಪೂರ್ತಿ ನಿಜ ಅಲ್ಲ. ವಿಲ್ಬರ್ ಜಾಕ್ಸನ್ ಅನ್ನೋ ಕಪ್ಪು ಹುಡುಗ ಆಗಲೇ ಅಲಬಾಮಾಕ್ಕೆ ಸೇರಿದ್ದ. ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡೋ ಹಂಗಿರಲಿಲ್ಲ, ಅದಕ್ಕೆ ಹೊರಗಿದ್ದ. ನ್ಯಾಯಾಲಯ, ಕಾನೂನು, ಬೀದಿ ಹೋರಾಟ ಎಲ್ಲ ಸೇರಿ ಆ ಬಾಗಿಲು ತೆಗೆಸಿದ್ದು. ಯಾವ ಕೋಚಿನ ಒಳ್ಳೇತನವೂ ತಾನಾಗೇ ತೆಗೀಲಿಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ.

ಬಾಗಿಲು ತೆರೀತು. ಆಮೇಲೆ ಎಲ್ಲ ಸರಿ ಹೋಯ್ತಾ? ಇಲ್ಲ. ಆಮೇಲಿನ ಪ್ರಶ್ನೆ, ಒಳಗೆ ಎಲ್ಲಿ ನಿಲ್ಲಿಸ್ತೀರಿ ಅನ್ನೋದು.

ಶಾಲೆಯಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಎಷ್ಟೋ ಕಪ್ಪು ಹುಡುಗರನ್ನ ಮೇಲೆ ಹೋದಂತೆಲ್ಲ ಓಡೋ ಜಾಗಕ್ಕೆ, ಚೆಂಡು ಹಿಡಿಯೋ ಜಾಗಕ್ಕೆ ವರ್ಗ ಮಾಡ್ತಿದ್ದರು. "ನಿನಗೆ ವೇಗ ಇದೆ, ನೀನು ಓಡು" ಅನ್ನೋದು ಸಮಜಾಯಿಷಿ. ಅದರ ಅರ್ಥ ಯೋಚನೆ ಮಾಡೋ ಕೆಲಸ ನಿನ್ನದಲ್ಲ ಅಂತ. ಜಾನ್ ಲಾಯ್ ಮತ್ತು ಜೋಸೆಫ್ ಮೆಕೆಲ್ವೋಗ್ ಅನ್ನೋ ಸಮಾಜಶಾಸ್ತ್ರಜ್ಞರು 1970ರಲ್ಲೇ ಇದನ್ನ ಲೆಕ್ಕ ಹಾಕಿ ತೋರಿಸಿದ್ದಾರೆ. ಅಲ್ಲಿನ ವೃತ್ತಿಪರ ಬೇಸ್‌ಬಾಲ್ ಮತ್ತು ಫುಟ್‌ಬಾಲ್ ತಂಡಗಳಲ್ಲಿ ತೀರ್ಮಾನ ಮಾಡೋ ನಡುವಿನ ಜಾಗಗಳೆಲ್ಲ ಬಿಳಿಯರಿಗೆ, ಅಂಚಿನ ಜಾಗಗಳು ಕಪ್ಪು ಜನರಿಗೆ.

ಹೆಸರು ಹೇಳ್ತೀನಿ ಕೇಳಿ.

ಸ್ಯಾಂಡಿ ಸ್ಟೀಫನ್ಸ್. ಮಿನ್ನೆಸೋಟಾ ತಂಡ 1960ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ ಅದರ ಕ್ವಾರ್ಟರ್‌ಬ್ಯಾಕ್. 1962ರ ರೋಸ್ ಬೌಲ್‌ನಲ್ಲಿ ಪಂದ್ಯದ ಶ್ರೇಷ್ಠ ಆಟಗಾರ. ಇಷ್ಟಾದರೂ ಅಮೆರಿಕದ ವೃತ್ತಿಪರ ತಂಡಗಳಲ್ಲಿ ಕ್ವಾರ್ಟರ್‌ಬ್ಯಾಕ್ ಜಾಗ ಸಿಗಲಿಲ್ಲ. ಕೆನಡಾಕ್ಕೆ ಹೋದ.

ಕಾಂಡ್ರೆಜ್ ಹಾಲೋವೇ. ಬೆಳೆದದ್ದು ಅಲಬಾಮಾದಲ್ಲೇ. ಕಪ್ಪು ಕ್ವಾರ್ಟರ್‌ಬ್ಯಾಕ್‌ನ ಒಪ್ಪೋಕೆ ಅಲಬಾಮಾ ಇನ್ನೂ ತಯಾರಿಲ್ಲ ಅಂತ ಅಲ್ಲಿನ ಪ್ರಖ್ಯಾತ ಕೋಚ್ ಬೇರ್ ಬ್ರಯಂಟ್ ತನಗೆ ನೇರವಾಗೇ ಹೇಳಿದರು ಅಂತ ಹಾಲೋವೇ ಮುಂದೆ ನೆನಪು ಮಾಡಿಕೊಂಡಿದ್ದಾರೆ. ಪಕ್ಕದ ಟೆನೆಸ್ಸೀಗೆ ಹೋಗಿ 1972ರಲ್ಲಿ ಆ ಇಡೀ ದಕ್ಷಿಣದ ಲೀಗಿನಲ್ಲೇ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದರು.

ವಾರೆನ್ ಮೂನ್. ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಸ್ವಂತ ಮೈದಾನದ ಜನರೇ ಅವನನ್ನ ಕೂಗಿ ಅವಮಾನ ಮಾಡ್ತಿದ್ದರು. 1978ರ ಜನವರಿಯಲ್ಲಿ ಅದೇ ತಂಡಕ್ಕೆ ರೋಸ್ ಬೌಲ್ ಗೆದ್ದುಕೊಟ್ಟ, ಶ್ರೇಷ್ಠ ಆಟಗಾರ ಪ್ರಶಸ್ತಿಯೂ ಅವನಿಗೇ. ಆ ವರ್ಷ ವೃತ್ತಿಪರ ತಂಡಗಳ ಆಯ್ಕೆ 12 ಸುತ್ತು ನಡೀತು. 28 ತಂಡ ಸೇರಿ 300ಕ್ಕೂ ಹೆಚ್ಚು ಹೆಸರು ಕರೆದರು. ವಾರೆನ್ ಮೂನ್ ಹೆಸರು ಯಾರೂ ಕರೀಲಿಲ್ಲ! ಅವನೂ ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದ ಜೊತೆ ಸತತ ಐದು ವರ್ಷ ಅಲ್ಲಿನ ಚಾಂಪಿಯನ್ ಆದ. 1984ರಲ್ಲಿ ವಾಪಸ್ ಕರೆಸಿಕೊಂಡರು. 2006ರಲ್ಲಿ ಹಾಲ್ ಆಫ್ ಫೇಮ್‌ಗೂ ಸೇರಿಸಿದರು. ಆದ್ರೆ ಇಪ್ಪತ್ತೊಂದು ಇಪ್ಪತ್ತೆರಡನೇ ವಯಸ್ಸಿನ ಆ ಹುಡುಗನಿಗೆ ಆಗಿದ್ದ ಅವಮಾನವನ್ನ ಯಾವ ಹಾಲ್ ತುಂಬಿಕೊಡುತ್ತೆ?

ಹಳೇ ಕಾಲದ ಕಥೆ ಅಂತೀರಾ? ಲಮಾರ್ ಜಾಕ್ಸನ್. 2016ರಲ್ಲಿ ಕಾಲೇಜ್ ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಹೈಸ್‌ಮನ್ ಗೆದ್ದ ಕ್ವಾರ್ಟರ್‌ಬ್ಯಾಕ್. 2018ರಲ್ಲಿ ಆಯ್ಕೆಗೆ ನಿಂತಾಗ "ನೀನು ಚೆಂಡು ಹಿಡಿಯೋ ಜಾಗಕ್ಕೆ ಹೋಗು" ಅಂತ ಪಂಡಿತರು ಬುದ್ಧಿ ಹೇಳಿದರು. ಅವನಿಗಿಂತ ಮೊದಲು ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳನ್ನ ಕರೆದಾಯ್ತು. ಮರುವರ್ಷ, 2019ರಲ್ಲಿ, ಅವನೇ ಇಡೀ ಲೀಗಿನ ಶ್ರೇಷ್ಠ ಆಟಗಾರ. ಒಂದು ಮತವೂ ಬೇರೆಯವರಿಗೆ ಹೋಗಲಿಲ್ಲ.

ಈಗ ಅಣ್ಣನ ಪಕ್ಷವೂ ಸ್ವಲ್ಪ ವಹಿಸ್ತೀನಿ. ಬೆಂಚಿಗೆ ಕಳಿಸೋದೆಲ್ಲ ಜಾತಿಯೇ ಅಂತ ನಾನು ಹೇಳಲ್ಲ. 2018ರ ಜನವರಿ 8ರಂದು ಅದೇ ಅಲಬಾಮಾ ರಾಷ್ಟ್ರೀಯ ಫೈನಲ್‌ನಲ್ಲಿ ಅರ್ಧ ಆಟಕ್ಕೆ 0-13 ಹಿಂದಿತ್ತು. ಆ ಸೀಸನ್ ಪೂರ್ತಿ ಆಡಿಸಿದ್ದ ಜೇಲನ್ ಹರ್ಟ್ಸ್‌ನ ಕೂರಿಸಿ, ಮೊದಲ ವರ್ಷದ ಟೂವಾ ಟಾಗೊವೈಲೋವಾನ ಕೋಚ್ ಇಳಿಸಿದರು. ಟೂವಾ ಗೆಲ್ಲಿಸಿಕೊಟ್ಟ. ಯಾರಿಗೆ ಜಾಗ ಅಂತ ವರ್ಷಪೂರ್ತಿ ಜಗಳ ನಡೀತು. ಆ ಡಿಸೆಂಬರ್‌ನಲ್ಲಿ ಟೂವಾಗೆ ಪೆಟ್ಟಾದಾಗ ಬೆಂಚಿಂದ ಎದ್ದು ಬಂದ ಹರ್ಟ್ಸ್ ಸೋಲ್ತಿದ್ದ ಪಂದ್ಯ ಗೆದ್ದುಕೊಟ್ಟ.

ಇದು ಮೆರಿಟ್ ವಾದ. ಒಪ್ತೀನಿ. ಆದ್ರೆ ಯಾರ್ಯಾರ ನಡುವೆ ನಡೀತು ನೋಡಿ. ಹರ್ಟ್ಸ್ ಕಪ್ಪು ಹುಡುಗ. ಟೂವಾ ಹವಾಯಿಯಿಂದ ಬಂದ ಸಮೋವಾ ಮೂಲದವನು. 1965ರ ಅಲಬಾಮಾದಲ್ಲಿ ಈ ಇಬ್ಬರಲ್ಲಿ ಹರ್ಟ್ಸ್‌ಗೆ ತಂಡದ ಅಂಗಿಯೇ ಸಿಗ್ತಿರಲಿಲ್ಲ, ಜಾಗದ ಮಾತು ಹಾಗಿರಲಿ. ಬಾಗಿಲು ಎಲ್ಲರಿಗೂ ತೆರೆದ ಮೇಲೆ, ತಲೆಯ ಜಾಗದಲ್ಲಿ ಅಭ್ಯಾಸ ಮಾಡೋಕೆ ಎಲ್ಲರಿಗೂ ಬಿಟ್ಟ ಮೇಲೆ ನಡೆಯೋ ವಾದವನ್ನ ಮೆರಿಟ್ ವಾದ ಅನ್ನಬಹುದು. ಅದಕ್ಕಿಂತ ಮುಂಚಿನದೆಲ್ಲ ಬೇಲಿಯೊಳಗಿನವರ ಪಂಚಾಯ್ತಿ. ಅಷ್ಟಕ್ಕೂ ಅಲ್ಲಿ ಪೂರ್ತಿ ತೆರೆದಿಲ್ಲ. ದೊಡ್ಡ ಯೂನಿವರ್ಸಿಟಿ ತಂಡಗಳಲ್ಲಿ ಆಡೋರಲ್ಲಿ ಸುಮಾರು ಅರ್ಧ ಕಪ್ಪು ಹುಡುಗರು. ಯಾರು ಆಡಬೇಕು ಅಂತ ತೀರ್ಮಾನ ಮಾಡೋ ಮುಖ್ಯ ಕೋಚ್‌ಗಳಲ್ಲಿ ಅವರ ಪಾಲು ಅದರ ಹತ್ತಿರಕ್ಕೂ ಬರಲ್ಲ.

ಅಮೆರಿಕದ ಕಥೆ ನಮಗ್ಯಾಕೆ ಅಂತ ಕೇಳೋರಿಗೆ: ಕಪ್ಪು ಜನರ ಹೋರಾಟದ ದೊಡ್ಡ ಚಿಂತಕ ಡುಬಾಯ್ಸ್ ಅವರಿಗೆ ಬಾಬಾಸಾಹೇಬರು 1946ರಲ್ಲೇ ಕಾಗದ ಬರೆದು ಎರಡೂ ಜನರ ಸ್ಥಿತಿಯ ಹೋಲಿಕೆ ತೋರಿಸಿದ್ದರು. ಹೋಲಿಕೆ ನನ್ನ ಕಲ್ಪನೆ ಅಲ್ಲ.

ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ನೆನಪಿದಾರಾ? ಚಮ್ಮಾರ ಕುಲದವರು. ಪುಣೆಯ ಕ್ಲಬ್ಬಿನಲ್ಲಿ ಬಿಳಿ ಸಾಹೇಬರಿಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಬೌಲಿಂಗ್ ಹಾಕಿದರು. ಬ್ಯಾಟ್ ಮಾತ್ರ ಕೈಗೆ ಕೊಡಲಿಲ್ಲ ಅಂತ ಇತಿಹಾಸಕಾರ ರಾಮಚಂದ್ರ ಗುಹಾ ಬರೆದಿದ್ದಾರೆ. ಹಿಂದೂ ತಂಡಕ್ಕೆ ಸೇರಿಸಿಕೊಂಡ ಮೇಲೂ ಟೀ ಮಾತ್ರ ಹೊರಗೆ, ಮಣ್ಣಿನ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಕ್ಯಾಪ್ಟನ್ ಮಾತ್ರ ಮಾಡಲೇ ಇಲ್ಲ. ಅದು ಸಿಕ್ಕಿದ್ದು ತಮ್ಮ ವಿಠ್ಠಲ್‌ಗೆ, 1923ರಲ್ಲಿ. ಬೆವರು ಸುರಿಸೋಕೆ ನಮ್ಮ ತೋಳು ಬೇಕು, ತೀರ್ಮಾನ ಮಾಡೋಕೆ ನಮ್ಮ ತಲೆ ಬೇಡ. ಅಲ್ಲೂ ಅದೇ, ಇಲ್ಲೂ ಅದೇ.

ನನ್ನ ಕಥೆ ಚಿಕ್ಕದು, ಆದ್ರೂ ಹೇಳ್ತೀನಿ. ಪಿಯುಸಿಯಲ್ಲಿ ನಾನು ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದೆ. ಎಸ್ಸಿ ಹಾಸ್ಟೆಲಿನ ಹಿಂದೆ ಸಂಜೆ ಸಂಜೆ ಆಡ್ತಾ ನಾನು ಕಲಿತದ್ದು ಲಿಫ್ಟಿಂಗ್. ಚೆಂಡನ್ನ ಯಾರಿಗೆ, ಎಷ್ಟೆತ್ತರಕ್ಕೆ ಎತ್ತಿಕೊಡಬೇಕು ಅಂತ ನೋಡೋ ಕೆಲಸ. ಕಾಲೇಜಲ್ಲಿ ಮೊದಲ ದಿನವೇ ಪಿ.ಟಿ. ಮೇಷ್ಟ್ರು ನನ್ನನ್ನ ಹಿಂದಕ್ಕೆ ಹಾಕಿದರು. "ನೀನು ಗಟ್ಟಿ ಇದೀಯ, ಬಿದ್ದು ಎದ್ದು ಚೆಂಡು ತೆಗಿ. ಲಿಫ್ಟಿಂಗಿಗೆ ತಲೆ ಓಡಬೇಕು ಕಣಯ್ಯ" ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು. ಬೈದದ್ದೂ ಅಲ್ಲ, ಹೊಗಳಿದ್ದು ಅಂತಲೇ ಅಂದುಕೊಂಡಿದ್ದರು. ಎರಡು ವರ್ಷ ನಾನು ಮಣಿಕಟ್ಟು ಕೆಂಪಾಗೋವರೆಗೆ ಚೆಂಡು ತೆಗೆದೆ. ಎರಡನೇ ವರ್ಷದ ಹೊತ್ತಿಗೆ ನನಗೆ ನಿಜವಾಗಲೂ ಲಿಫ್ಟಿಂಗ್ ಬರ್ತಿರಲಿಲ್ಲ. ಅಭ್ಯಾಸ ತಪ್ಪಿ ಹೋಗಿತ್ತು. ಆಗ ಯಾರಾದ್ರೂ ಬಂದು ಮೆರಿಟ್ ಪರೀಕ್ಷೆ ಮಾಡಿದ್ದರೆ ಮೇಷ್ಟ್ರೇ ಗೆಲ್ತಿದ್ದರು.

ಅಣ್ಣ, ನನ್ನ ಮಾತು ಇಷ್ಟೇ. ಜಾಗ ಕೊಡದೆ ಅಭ್ಯಾಸ ಬರಲ್ಲ. ಅಭ್ಯಾಸ ಇಲ್ಲ ಅಂತ ಜಾಗ ಕೊಡಲ್ಲ. ಈ ಗಾಣದೊಳಗೆ ನಮ್ಮನ್ನ ಸುತ್ತಿಸಿ, ಕೊನೆಗೆ ಹೊರಗೆ ಬಂದ ಹಿಂಡಿಯನ್ನ ತೋರಿಸಿ "ನೋಡು, ಇದರಲ್ಲಿ ಎಣ್ಣೆಯೇ ಇಲ್ಲ" ಅಂತೀರಿ. ಮೀಸಲಾತಿ ಗೆಲುವನ್ನ ಕೊಡಿ ಅಂತ ಕೇಳ್ತಿಲ್ಲ. ಪಂದ್ಯ ನಾವೇ ಆಡ್ತೀವಿ, ಸೋತರೆ ಸೋಲೂ ನಮ್ಮದೇ. ತೀರ್ಮಾನ ಮಾಡೋ ಜಾಗದಲ್ಲಿ ಅಭ್ಯಾಸಕ್ಕೆ ಬಿಡಿ ಅಂತ ಕೇಳುತ್ತೆ. ಕಂಪನಿಗಳಲ್ಲಿ ಹೌಸ್‌ಕೀಪಿಂಗ್‌ನಲ್ಲಿ, ಸೆಕ್ಯುರಿಟಿಯಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ಅದಕ್ಕೆ ಯಾರೂ ಮೆರಿಟ್ ಕೇಳಲ್ಲ. ಇಂಟರ್‌ವ್ಯೂ ಟೇಬಲ್ಲಿನ ಆ ಕಡೆ ಕೂರೋರು ಯಾರು, ಅದನ್ನ ಎಣಿಸಿ ಹೇಳಿ. ಆಮೇಲೆ ಮೆರಿಟ್ ಮಾತಾಡೋಣ.

ಕೊನೆಗೆ ನಮ್ಮವರಿಗೂ ಒಂದು ಮಾತು, ಬೇಜಾರಾದರೂ ಸರಿ. ನಮ್ಮ ಸಂಘಟನೆಗಳಲ್ಲಿ ಕ್ವಾರ್ಟರ್‌ಬ್ಯಾಕ್ ಯಾರು? ಹೋರಾಟದ ಹಾಡಿಗೆ, ಜಾಥಾಕ್ಕೆ ಜನ ಸೇರಿಸೋಕೆ, ಅಡುಗೆಗೆ ಹೆಣ್ಣುಮಕ್ಕಳು. ನಿರ್ಣಯ ಬರೆಯೋಕೆ, ಮೈಕ್ ಹಿಡಿಯೋಕೆ ನಾವು ಗಂಡಸರು. "ಅಕ್ಕನಿಗೆ ಮಾತಾಡಿ ಅಭ್ಯಾಸ ಇಲ್ಲ" ಅಂತ ನಾನೇ ಒಂದು ಸಭೆಯಲ್ಲಿ ಹೇಳಿದ್ದೀನಿ. ಹೇಳುವಾಗ ಆ ಪಿ.ಟಿ. ಮೇಷ್ಟ್ರ ದನಿಯೇ ನನ್ನ ಬಾಯಿಂದ ಬಂದಿತ್ತು ಅಂತ ಗೊತ್ತಾಗೋಕೆ ವರ್ಷಗಳು ಬೇಕಾದವು. ಮುಂದಿನ ಜಿಲ್ಲಾ ಸಭೆಯಲ್ಲಿ ನಿರ್ಣಯ ಮಂಡಿಸೋರು ಯಾರು ಅಂತ ಈಗಲೇ ಮಾತಾಡ್ಕೊಳ್ಳೋಣ.

ಹಾಸ್ಟೆಲ್ ಹುಡುಗ ಹುಡುಗಿಯರು ಇದನ್ನ ಓದ್ತಿದ್ದರೆ: ಯಾರಾದ್ರೂ "ನಿನಗೆ ಇದು ಆಗಲ್ಲ, ಆ ಜಾಗಕ್ಕೆ ಹೋಗು" ಅಂದ್ರೆ, ಹೋಗೋ ಮುಂಚೆ ಒಂದು ಸಲ ಯಾಕೆ ಅಂತ ಕೇಳಿ. ನಾನು ಕೇಳಲಿಲ್ಲ.

ಶೇರ್ ಮಾಡಿ. ಮೆರಿಟ್ ಅಣ್ಣಂದಿರನ್ನ ಟ್ಯಾಗ್ ಮಾಡಿ, ಆದ್ರೆ ಬೈಬೇಡಿ. ಲೆಕ್ಕ ಕೇಳಿ.

ಜೈ ಭೀಮ್.